ದೊಡ್ಡ ಗಡಿಯಾರಕ್ಕೆ ನೂರು ವರ್ಷ ಆಗ್ತಾ ಇದೆ, ಸುತ್ತಲಿನ ಚೌಕದ ನೆಲಕ್ಕೆ ಏನು ಮಾಡೋಣ?

ಗಡಿಯಾರದ ಬೀದಿಯವ
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಲ್ಲಿ ಇದ್ದಿದ್ದನ್ನ ಬರೀತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ. ಮೈಸೂರಿನ ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸ್ಕೊಂಡು ಇಪ್ಪತ್ತೈದು ವರ್ಷ ಆದ ನೆನಪಿಗೆ ಅರಮನೆ ನೌಕರರು ಕೈಯಿಂದ ದುಡ್ಡು ಹಾಕಿ ಕಟ್ಟಿಸಿದ್ದು. ಅಂದ್ರೆ 2027ಕ್ಕೆ ನೂರು ವರ್ಷ. ಒಂದು ಕಡೆ ಟೌನ್ ಹಾಲ್, 1884ರದ್ದು, ದಿವಾನ್ ರಂಗಾಚಾರ್ಲು ನೆನಪಿನ ಕಟ್ಟಡ, ಅದರ ಮುಂದೆ ಅಂಬೇಡ್ಕರ್ ಪ್ರತಿಮೆ, ಪಕ್ಕದಲ್ಲೇ ಗಾಂಧಿ ಚೌಕ, ಎದುರಿಗೆ ಅರಮನೆ. ತಲೆ ಎತ್ತಿದ್ರೆ ಇಷ್ಟು ಕಾಣುತ್ತೆ, ಆದ್ರೆ ಅಲ್ಲಿ ತಲೆ ಎತ್ತಿಕೊಂಡು ನಡೆಯೋಕೆ ಆಗಲ್ಲ ಯಾಕಂದ್ರೆ ನೆಲ ನೋಡ್ಕೊಂಡೇ ನಡೀಬೇಕು. ಒಂದು ಕಡೆ ಕಲ್ಲು ಹಾಸು, ಒಂದು ಕಡೆ ಬ್ಲಾಕು, ಒಂದು ಕಡೆ ಯಾರೋ ಕೇಬಲ್‌ಗೆ ಅಗೆದು ಸಿಮೆಂಟ್ ಮೆತ್ತಿದ ತೇಪೆ. ಹೋದ ಮಳೆಗಾಲದಲ್ಲಿ ನಮ್ಮಮ್ಮ ಅಲ್ಲಾಡ್ತಾ ಇದ್ದ ಒಂದು ಬ್ಲಾಕ್ ಮೇಲೆ ಕಾಲಿಟ್ಟು, ಕೆಳಗಿದ್ದ ಕೊಚ್ಚೆ ನೀರು ಸೀರೆಗೆಲ್ಲ ಚಿಮ್ಮಿ, ಕಾಲು ಉಳುಕಿ ಮೂರು ವಾರ ಮನೇಲೇ ಕೂತಿದ್ರು. ಅವತ್ತಿಂದ ಇದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ.

ನನಗೆ ಅನ್ಸೋದು ಇಷ್ಟು. ಶತಮಾನೋತ್ಸವ ಅಂತ ಬಣ್ಣ ಬಳಿದು, ಲೈಟ್ ಹಾಕಿ, ಇನ್ನೊಂದು ಪ್ರತಿಮೆ ನಿಲ್ಸಿ ಫೋಟೋ ತೆಗೆಸ್ಕೊಂಡು ಹೋಗೋದು ಬೇಡ. ಮೊದಲು ನೆಲದ ಕೆಳಗಿನ ಕೆಲಸ ಆಗ್ಲಿ, ಆಮೇಲೆ ಕಲ್ಲು, ಕಲೆನೂ ಆ ಕಲ್ಲಿನಲ್ಲೇ ಇರ್ಲಿ, ಕಾಲ ಕೆಳಗೇ ಸಿಗೋ ಹಾಗೆ. ಗಡಿಯಾರದ ಮುಖದಲ್ಲಿ ಕನ್ನಡ ಅಂಕಿ ಇದೆ, ಅದೇ ಅಂಕಿ ನೆಲದಲ್ಲಿ ಯಾಕೆ ಇರಬಾರದು? ನಿಮ್ಮ ಊರಲ್ಲಿ ಇಂಥ ಕೆಲಸ ಆಗಿದ್ರೆ ಏನು ಉಳೀತು ಏನು ಹಾಳಾಯ್ತು ಹೇಳಿ. ಎಲ್ಲ ಸೇರಿಸಿ ಒಂದು ಮನವಿ ಬರೆಯೋಣ ಅಂತ ಇದೀನಿ.

ಬಟ್ಟೆ ಗಂಟು
ಅಣ್ಣಾ ನೀವು ಹೇಳಿದ್ದೆಲ್ಲ ಸರಿ. ಆದ್ರೆ ನಮಗೆ 'ಚೌಕ ಅಭಿವೃದ್ಧಿ' ಅಂತ ಕೇಳಿದ ಕೂಡ್ಲೇ ಎದೆ ಹೊಡ್ಕೊಳುತ್ತೆ. ನಮ್ಮಪ್ಪ ಆ ಕಡೆ ರಸ್ತೆ ಬದಿ ಬಟ್ಟೆ ಹಾಸ್ಕೊಂಡು ಮಾರ್ತಾ ಇದ್ದಿದ್ದು, ಈಗ ನಾನು ಅದೇ ಮಾಡ್ತಾ ಇದೀನಿ. ಸುಂದರ ಮಾಡ್ತೀವಿ ಅಂದಾಗೆಲ್ಲ ಮೊದಲು ಎತ್ತೋದು ನಮ್ಮ ಗಂಟನ್ನೇ. ಕಲ್ಲು ಹಾಸೋವರೆಗೂ ಆ ಕಡೆ ಈ ಕಡೆ ಅಲೀರಿ ಅಂತಾರೆ, ಕಲ್ಲು ಹಾಸಿದ ಮೇಲೆ ಕಲ್ಲು ಕೊಳೆ ಆಗುತ್ತೆ ಬರಬೇಡಿ ಅಂತಾರೆ. ನಿಮ್ಮ ಮನವಿಯಲ್ಲಿ ನಾವು ಇರ್ತೀವಾ ಇಲ್ವಾ ಅದನ್ನ ಮೊದಲು ಹೇಳಿ.

ಗಡಿಯಾರದ ಬೀದಿಯವ
ಇರ್ತೀರಿ. ನೀವಿಲ್ಲದ ಚೌಕ ನನಗೂ ಬೇಡ, ಚಿಕ್ಕೋನಿದ್ದಾಗ ನನ್ನ ಶಾಲೆ ಸ್ವೆಟರ್ ತಗೊಂಡಿದ್ದೇ ಅಲ್ಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡಿಮೆ ಅಂದ್ರೂ ಶೇ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳು. ನಕ್ಷೆ ಬರೆಯೋ ಮುಂಚೆನೇ ಆ ಸಮಿತಿ ಕೂರಬೇಕು ಅಂತ ಮನವಿಯ ಮೊದಲ ಸಾಲಲ್ಲೇ ಹಾಕ್ತೀನಿ. ನಿಮಗೆ ಎಷ್ಟು ಜಾಗ ಬೇಕು, ಗಂಟು ಬಿಚ್ಚಿದ್ರೆ ಎಷ್ಟಡಿಗೆ ಎಷ್ಟಡಿ ಆಗುತ್ತೆ, ಅದನ್ನ ಹೇಳ್ತೀರಾ?

ಬಟ್ಟೆ ಗಂಟು
ಆರಡಿಗೆ ನಾಲ್ಕಡಿ ಸಾಕು. ಮೇಲೆ ನೆರಳು, ಒಂದು ಲೈಟು, ಹೆಂಗಸರಿಗೆ ಹತ್ರದಲ್ಲಿ ಒಂದು ಶೌಚಾಲಯ. ನಮ್ಮ ಕಡೆ ಕೂತ್ಕೊಳೋ ಹೆಂಗಸರು ಬೆಳಗ್ಗೆಯಿಂದ ನೀರೇ ಕುಡಿಯಲ್ಲ ಗೊತ್ತಾ, ಹೋಗೋಕೆ ಜಾಗ ಇಲ್ಲ ಅಂತ. ಕಲೆ ಗಿಲೆ ಆಮೇಲೆ.

ದಮ್ಮಸ್ಸು
ನಾನು ಇಪ್ಪತ್ತು ವರ್ಷದಿಂದ ಸಿವಿಲ್ ಕೆಲಸದಲ್ಲಿ ಇದೀನಿ, ಈ ಬ್ಲಾಕ್ ಅಲ್ಲಾಡೋ ಕತೆ ನಾನು ಹೇಳ್ತೀನಿ ಕೇಳಿ. ಜನ ಬ್ಲಾಕ್ ಕ್ವಾಲಿಟಿ ಸರಿಯಿಲ್ಲ ಅಂತ ಬೈತಾರೆ. ಹತ್ತರಲ್ಲಿ ಎಂಟು ಕಡೆ ತಪ್ಪು ಬ್ಲಾಕಿನದ್ದಲ್ಲ, ಕೆಳಗಿಂದು. ಮಣ್ಣು ಅಗೆದು, ಪದರ ಪದರವಾಗಿ ಜೆಲ್ಲಿ ಹಾಕಿ, ಒಂದೊಂದು ಪದರಕ್ಕೂ ನೀರು ಕೊಟ್ಟು ದಮ್ಮಸ್ಸು ಮಾಡ್ಬೇಕು, ಅಂದ್ರೆ ಕುಟ್ಟಿ ಗಟ್ಟಿ ಮಾಡ್ಬೇಕು, ಅದರ ಮೇಲೆ ಒಂದೆರಡು ಇಂಚು ಮಾತ್ರ ಮರಳು. ನಮ್ಮಲ್ಲಿ ಏನಾಗುತ್ತೆ, ದಮ್ಮಸ್ಸು ಅರ್ಧಂಬರ್ಧ, ಏರುಪೇರು ಮುಚ್ಚೋಕೆ ಮರಳು ನಾಲ್ಕೈದು ಇಂಚು, ಒಂದು ಮಳೆಗೆ ಮರಳು ಕೊಚ್ಕೊಂಡು ಹೋಗಿ ಬ್ಲಾಕ್ ಕೆಳಗೆ ಗುಳಿ. ಅಂಚಿಗೆ ಕರ್ಬ್ ಕಲ್ಲು ಬಿಗಿಯಾಗಿ ಕೂರಿಸ್ಲಿಲ್ಲ ಅಂದ್ರೆ ಇಡೀ ಹಾಸು ಒಂದೊಂದೇ ಮಿಲಿಮೀಟರ್ ಪಕ್ಕಕ್ಕೆ ಜರುಗುತ್ತೆ, ಸಂದು ಅಗಲ ಆಗುತ್ತೆ, ನೀರು ಇಳಿಯುತ್ತೆ, ಮುಗೀತು. ನಡೆಯೋ ಕಡೆ 60 ಎಂಎಂ ಬ್ಲಾಕ್ ಸಾಕು, ಗಾಡಿ ಹತ್ತೋ ಕಡೆ 80 ಎಂಎಂ ಬೇಕು, ಆದ್ರೆ ಬಿಲ್ಲಿನಲ್ಲಿ 80, ನೆಲದಲ್ಲಿ 60 ಇರೋದನ್ನ ನಾನೇ ಅಗೆದು ನೋಡಿದೀನಿ. ಎಲ್ಲಿ ಅಂತ ಹೇಳೋದು ಬೇಡ.

ಇನ್ನೊಂದು ಮುಖ್ಯ ವಿಷಯ, ಇದನ್ನ ಯಾರೂ ಯೋಚ್ನೆ ಮಾಡಲ್ಲ. ಆ ಗೋಪುರ 75 ಅಡಿ ಎತ್ತರ ಇದೆ, ಸುಮಾರು ನೂರು ವರ್ಷ ಹಳೇದು, ಬಿರುಕು ಬಿಟ್ಟಿತ್ತು. ಗಂಟೆ ಹೊಡೆಯೋದು ನಿಲ್ಸಿದ್ದೇ ಅದರ ಕಂಪನ ಗೋಪುರ ತಡೆಯಲ್ಲ ಅಂತ. ಗಂಟೆ ಸದ್ದೇ ತಡೆಯದ ಗೋಪುರದ ಬುಡದಲ್ಲಿ ಹತ್ತು ಟನ್ ವೈಬ್ರೇಟಿಂಗ್ ರೋಲರ್ ತಂದು ಓಡಿಸಿದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಗೋಪುರದ ಸುತ್ತ ಸಣ್ಣ ಪ್ಲೇಟ್ ಕಾಂಪ್ಯಾಕ್ಟರ್ (ಕೈಯಲ್ಲಿ ತಳ್ಳೋ ಮಣ್ಣು ಕುಟ್ಟೋ ಯಂತ್ರ), ತೀರಾ ಹತ್ರದಲ್ಲಿ ಕೈ ದಮ್ಮಸ್ಸು, ಅಷ್ಟೇ. ಅಡಿಪಾಯದ ಪಕ್ಕ ಜೇಸಿಬಿ ಬಕೆಟ್ ಇಳಿಸೋ ಹಾಗೇ ಇಲ್ಲ. ಮನವಿಯಲ್ಲಿ ಇದನ್ನ ದಪ್ಪಕ್ಷರದಲ್ಲಿ ಹಾಕಿ ದಯವಿಟ್ಟು.

ಗಡಿಯಾರದ ಬೀದಿಯವ
ಇದು ನನಗೆ ಹೊಳೆದೇ ಇರಲಿಲ್ಲ ಸರ್. ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ಜೀವ ಹೋಯ್ತು, ದೇವರಾಜ ಮಾರ್ಕೆಟ್ಟಿನ ಒಂದು ಭಾಗ 2016ರಲ್ಲಿ ಬಿತ್ತು. ಎರಡೂ ಈ ಚೌಕದಿಂದ ಕೂಗಳತೆ ದೂರ. ಹಳೇ ಕಟ್ಟಡದ ಹತ್ರ ಕೆಲಸ ಮಾಡೋವಾಗ ಎಷ್ಟು ಹುಷಾರಾಗಿರಬೇಕು ಅಂತ ಈ ಊರಿಗೆ ಯಾರೂ ಹೊಸದಾಗಿ ಹೇಳ್ಕೊಡಬೇಕಿಲ್ಲ.

ಬ್ರಿಗೇಡ್ ರಸ್ತೆ ಬಸ್
ಬೆಂಗಳೂರಿನ ಚರ್ಚ್ ಸ್ಟ್ರೀಟ್ ಅನುಭವ ಹೇಳ್ತೀನಿ, ಆಫೀಸ್ ಅಲ್ಲೇ ಇದ್ದಿದ್ರಿಂದ ದಿನಾ ನೋಡಿದೀನಿ. 2017ರಲ್ಲಿ ಅಗೆದ್ರು, 2018ರಲ್ಲಿ ತೆರೆದ್ರು, ಪೂರ್ತಿ ರಸ್ತೆಗೆ ಸಣ್ಣ ಸಣ್ಣ ಗ್ರಾನೈಟ್ ಕಲ್ಲು, ವಿನ್ಯಾಸ ಮಾಡಿ ಜೋಡಿಸಿದ್ದು. ಮೊದಲ ದಿನ ನಡೆದಾಗ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು, ನಮ್ಮೂರಲ್ಲೂ ಇಂಥ ರಸ್ತೆ ಆಗುತ್ತಾ ಅಂತ. ಪೈಪು ಕೇಬಲ್ಲು ಎಲ್ಲ ಮೊದಲೇ ನೆಲದಡಿ ಡಕ್ಟ್ (ಕೊಳವೆ ದಾರಿ) ಒಳಗೆ ಹಾಕಿದ್ರು, ಟೆಂಡರ್‌ಶ್ಯೂರ್ ಅನ್ನೋ ಬೆಂಗಳೂರಿನ ರಸ್ತೆ ಯೋಜನೆಯ ಜೀವಾಳನೇ ಅದು, ಮತ್ತೆ ಮತ್ತೆ ಅಗೆಯೋ ಹಾಗಿಲ್ಲ. ಆದ್ರೆ ಕಲ್ಲು ಕಿತ್ತು ಬಂದಿದ್ದು ಎಲ್ಲಿ ಅಂದ್ರೆ ಗಾಡಿ ಓಡೋ ಜಾಗದಲ್ಲಿ, ಅದರಲ್ಲೂ ತಿರುವು ಮತ್ತೆ ಬ್ರೇಕ್ ಹಾಕೋ ಕಡೆ. ಚಕ್ರ ತಿರುಗಿದಾಗ ಸಣ್ಣ ಕಲ್ಲನ್ನ ತಿರುಚಿ ಎಬ್ಬಿಸುತ್ತೆ. ಒಂದು ಕಲ್ಲು ಎದ್ರೆ ಪಕ್ಕದ್ದಕ್ಕೆ ಆಸರೆ ಇಲ್ಲ, ಅದೂ ಏಳುತ್ತೆ. ಆಮೇಲೆ ಗುಂಡಿಗೆ ಡಾಂಬರ್ ತೇಪೆ, ಅಷ್ಟು ಚಂದದ ರಸ್ತೆ ಮೇಲೆ ಕಪ್ಪು ತೇಪೆ ನೋಡೋಕೆ ಆಗಲ್ಲ.

2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿ ಬಿಡದೆ ನೋಡಿದ್ರು. ಅದೇ ಕಲ್ಲು ಅದೇ ರಸ್ತೆ, ಮಕ್ಕಳು ನಡುರಸ್ತೇಲಿ ಚಾಕ್‌ಪೀಸಲ್ಲಿ ಚಿತ್ರ ಬರೀತಾ ಕೂತಿದ್ರು. ಸಣ್ಣ ಕಲ್ಲಿನ ಹಾಸು ನಡೆಯೋರಿಗೆ, ಗಾಡಿಗಲ್ಲ. ನೀವು ಮೊದಲು ತೀರ್ಮಾನ ಮಾಡ್ಬೇಕಾಗಿರೋದು ಕಲ್ಲು ಯಾವುದು ಅಂತಲ್ಲ, ಚೌಕದ ಯಾವ ಭಾಗಕ್ಕೆ ಚಕ್ರ ಬರಬಾರದು ಅಂತ.

ಕಿತ್ತೂರ ಕಡೆಯಾಂವ
ನಾ ಹುಬ್ಬಳ್ಳಿಯಾಂವ ರೀ. ನಮ್ಮ ಕಡೆ ಎರಿ ಮಣ್ಣ, ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರಕ ಬಿಡತೈತಿ, ಎಂಥಾ ಕಲ್ಲ ಹಾಸಿದ್ರೂ ಎರಡ ವರ್ಷದಾಗ ಡೊಂಕ. ನಿಮ್ಮ ಕಡೆ ಕೆಂಪ ಮಣ್ಣ ಅಂತ ಕೇಳೇನಿ, ಹಂಗಿದ್ರ ನೀವು ಪುಣ್ಯಾ ಮಾಡೀರಿ. ಒಂದ ಮಾತ ಹೇಳತೇನಿ, ನಮ್ಮ ಅಜ್ಜನ ಮನ್ಯಾಗ ಅಂಗಳಕ್ಕ ಶಹಾಬಾದಿ ಪರ್ಸಿ (ಕಲ್ಲ ಚಪ್ಪಡಿ) ಹಾಸ್ಯಾರ, ಐವತ್ತ ವರ್ಷದ ಮ್ಯಾಲಾತು, ಇನ್ನೂ ಹಂಗ ಐತಿ. ಅಂವಾ ಏನ ಮಾಡಿದ್ದಾ, ಎರಿ ಮಣ್ಣ ಮೊಳಕಾಲಮಟಾ ತಗದ ಒಗದು, ಮೊರಂ ತುಂಬಿ, ಒಂದ ಪೂರ್ತಿ ಮಳಿಗಾಲ ಹಂಗ ಬಿಟ್ಟಿದ್ದಾ. ಮಣ್ಣ ಕುಂದರೂಮಟಾ ಕಾದಾನ. ಈಗ ಯಾರ ಕಾಯತಾರ್ರಿ, ಉದ್ಘಾಟನಿ ತಾರೀಖ ಮೊದಲ ಫಿಕ್ಸ್ ಆಗಿರತೈತಿ.

ದಮ್ಮಸ್ಸು
ಅಜ್ಜ ಮಾಡಿದ್ದು ನೂರಕ್ಕೆ ನೂರು ಸರಿ. ಅಷ್ಟೆಲ್ಲ ಕಾಯೋಕೆ ಆಗದಿದ್ರೆ ಯಂತ್ರದ ದಮ್ಮಸ್ಸು ಇದೆ, ಆದ್ರೆ ಮೇಲೆ ಹೇಳಿದ ಹಾಗೆ ಗೋಪುರದ ಹತ್ರ ಅದನ್ನ ಜೋರಾಗಿ ಬಳಸೋ ಹಾಗಿಲ್ಲ. ಅಲ್ಲಿಗೆ ಅಜ್ಜನ ದಾರಿನೇ. ಹಂಗಾಗಿ 2027ಕ್ಕೆ ಮುಗೀಬೇಕು ಅಂದ್ರೆ ಒಂದು ಮಳೆಗಾಲ ಮುಂಚೆನೇ ಕೆಳಗಿನ ಕೆಲಸ ಮುಗಿದಿರಬೇಕು.

ಹಂಪನಕಟ್ಟೆ
ನಮ್ಮ ಮಂಗಳೂರಿನ ಗಡಿಯಾರ ಗೋಪುರದ ಕತೆ ನಿಮಗೆ ಗೊತ್ತುಂಟಾ? ತೊಂಬತ್ತರ ದಶಕದಲ್ಲಿ ಟ್ರಾಫಿಕ್‌ಗೆ ಅಡ್ಡ ಆಗ್ತದೆ ಅಂತ ಕೆಡವಿದ್ದು, ಈಗ ಸ್ಮಾರ್ಟ್ ಸಿಟಿ ದುಡ್ಡಲ್ಲಿ ಅದೇ ಜಾಗದಲ್ಲಿ ಹೊಸತು ಕಟ್ಟಿದ್ದು. ಹೊಸತು ಒಳ್ಳೇದೇ ಉಂಟು, ಆದ್ರೆ ನನ್ನ ಅಪ್ಪ ಅದನ್ನು ನೋಡಿ ಒಂದು ಮಾತೂ ಹೇಳ್ಲಿಲ್ಲ, ಸುಮ್ಮನೆ ನಿಂತ್ರು. ಅವರು ಹಳೇದರ ಕೆಳಗೆ ಬಸ್ಸಿಗೆ ಕಾದವರು. ನಿಮ್ಮಲ್ಲಿ ಅಸಲಿ ಇನ್ನೂ ನಿಂತುಂಟು, ಅದನ್ನು ಮುಟ್ಟದೆ ಕೆಲಸ ಮಾಡಿ ಮಾರಾಯ್ರೆ.

ಮತ್ತೆ ನೆಲದ ಬಗ್ಗೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬರ್ತದೆ, ನಿಮ್ಮಲ್ಲಿ ಅದರ ಕಾಲು ಭಾಗದಷ್ಟು. ಹಾಗಂತ ಪಾಲಿಶ್ ಮಾಡಿದ ಗ್ರಾನೈಟ್ ಹಾಕ್ಲೇಬೇಡಿ. ಇಲ್ಲಿ ಒಂದು ಕಡೆ ಹಾಕಿದ್ರು, ಜೂನ್ ತಿಂಗಳಲ್ಲಿ ಹಾವಸೆ ಹಿಡಿದು ಜನ ಬಿದ್ದದ್ದೇ ಬಿದ್ದದ್ದು. ಬೆಂಕಿ ಹೊಡೆದು ತರಿ ಮಾಡಿದ ಕಲ್ಲು ಸಿಗ್ತದೆ, ಅದೇ ಹಾಕಿ. ಬೇಸಿಗೆಗೆ ಕಪ್ಪು ಕಲ್ಲು ಬೇಡ, ಕಾಲು ಸುಡ್ತದೆ. ಮರದ ಬುಡಕ್ಕೆ ಸಿಮೆಂಟ್ ಮೆತ್ತುದು ಕೂಡ ಬೇಡ, ಕಡಿಮೆ ಅಂದ್ರೂ ಒಂದು ಮೀಟರ್ ಮಣ್ಣು ಬಿಡಿ, ದೆಹಲಿಯಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಹಾಗೆ ಹೇಳಿತ್ತು.

ನಜರ್‌ಬಾದ್ ನಾಗರಿಕ
ಎಲ್ಲ ಓದಿದೆ. ನೆಲ ಎಲ್ಲ ಸರಿ, ಆದ್ರೆ ನೂರು ವರ್ಷದ ನೆನಪಿಗೆ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಬೇಡ್ವಾ? ಹೂ ಮಾರೋ ಹೆಂಗಸು, ಟಾಂಗಾ ಓಡಿಸೋನು, ಹೀಗೆ ಮೈಸೂರಿನ ದುಡಿಯೋ ಜನರ ಕಂಚಿನ ಪ್ರತಿಮೆ ಚೌಕದ ಮಧ್ಯ ನಿಲ್ಸಿದ್ರೆ ಎಷ್ಟು ಚೆನ್ನಾಗಿರುತ್ತೆ. ರಾಜರದ್ದು ಕೆ.ಆರ್. ಸರ್ಕಲ್ಲಲ್ಲಿ ಇದೆ, ಚಾಮರಾಜ ವೃತ್ತದಲ್ಲಿ ಇದೆ. ದುಡಿಯೋರದ್ದು ಎಲ್ಲಿದೆ?

ಗಡಿಯಾರದ ಬೀದಿಯವ
ನಿಮ್ಮ ಕೊನೇ ಪ್ರಶ್ನೆ ನನಗೆ ತಟ್ಟಿತು. ಆದ್ರೆ ಎರಡು ಅಡ್ಡಿ ಇದೆ. ಒಂದು, ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆ ಜಾಗದಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ರಾಜ್ಯಗಳಿಗೆ ಹೇಳಿದೆ. ಪ್ರತಿಮೆ ಅಂತ ಹಾಕಿದ್ರೆ ಇಡೀ ಕಡತ ಅಲ್ಲೇ ನಿಲ್ಲುತ್ತೆ. ಎರಡು, ಮೈಸೂರಲ್ಲಿ ಒಂದು ಪ್ರತಿಮೆ ಎದ್ರೆ ಅದರ ಸುತ್ತ ಬೇಲಿ ಬರುತ್ತೆ, ಬೇಲಿ ಬಂದ್ರೆ ಅಷ್ಟು ಜಾಗ ಜನರಿಂದ ಹೋಗುತ್ತೆ. ಹೂ ಮಾರೋರ ಕಂಚಿನ ಪ್ರತಿಮೆ ನಿಲ್ಸೋಕೆ ಅಂತ ನಿಜವಾದ ಹೂ ಮಾರೋರು ಎದ್ದು ಹೋಗೋ ಪರಿಸ್ಥಿತಿ ಬರಬಾರದು. ನಿಮ್ಮ ಆಸೆನ ಬೇರೆ ರೀತಿ ಈಡೇರಿಸೋಕೆ ಆಗುತ್ತಾ ನೋಡೋಣ.

ಕುಂಚ ಮತ್ತು ಉಳಿ
ನಾನು ಕಲಾ ಶಾಲೆಯಲ್ಲಿ ಕಲಿತವಳು, ಮೇಲಿನ ಪ್ರಶ್ನೆಗೆ ಉತ್ತರ ನೆಲದಲ್ಲೇ ಇದೆ ಅನ್ಸುತ್ತೆ. ಮೈಸೂರಿಗೆ ಬೀಟೆ ಮರದ ಇನ್‌ಲೇ ಕೆಲಸ ಅಂತ ಒಂದು ಕಸುಬು ಇದ್ಯಲ್ಲ, ಮರದಲ್ಲಿ ಕೊರೆದು ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸೋದು. ಅದನ್ನೇ ಕಲ್ಲಲ್ಲಿ ಮಾಡೋಣ. ಬೂದು ಬಣ್ಣಕ್ಕೆ ಸಾದರಹಳ್ಳಿ ಕಲ್ಲು, ಕೆಂಪಿಗೆ ಇಳಕಲ್ ಗ್ರಾನೈಟ್, ತೆಳು ಗೆರೆಗಳಿಗೆ ಮಾತ್ರ ಚಾಮರಾಜನಗರದ ಕಪ್ಪು. ಮೂರೂ ನಮ್ಮ ರಾಜ್ಯದ್ದೇ ಕಲ್ಲು. ಇನ್‌ಲೇ ಕೆಲಸದವರು ರೇಖೆ ಬರೆದುಕೊಡ್ಲಿ, ಕಲ್ಲು ಕುಟಿಗರು ಕೊರೀಲಿ, ದುಡಿಯೋರ ನೆನಪು ಅಂದ್ರೆ ಅವರ ಕೈಕೆಲಸ ಅಲ್ಲಿ ಇರೋದು, ಅವರಿಗೆ ಸರಿಯಾದ ಕೂಲಿ ಸಿಗೋದು, ಅವರ ಹೆಸರು ಒಂದು ಕಲ್ಲಲ್ಲಿ ಕೆತ್ತಿರೋದು. ಗುತ್ತಿಗೆದಾರರ ಹೆಸರಿನ ಬೋರ್ಡ್ ನಿಲ್ಸ್ತೀವಿ, ಕಲ್ಲು ಕೊರೆದವರ ಹೆಸರು ಎಲ್ಲೂ ಇರಲ್ಲ, ನನಗೆ ಅದು ಯಾವತ್ತೂ ಸಂಕಟ.

ಮತ್ತೆ ಸಾರ್ವಜನಿಕ ಕಲೆ ಅಂದ್ರೆ ಯಾವಾಗ್ಲೂ ಶಾಶ್ವತವಾಗೇ ಇರಬೇಕು ಅಂತಲೂ ಇಲ್ಲ. ನಮ್ಮ ಮೈಸೂರಿನವರೇ ಆದ ಬಾದಲ್ ನಂಜುಂಡಸ್ವಾಮಿ, ಇಲ್ಲಿನ ಕಾವಾ ಕಲಾ ಕಾಲೇಜಲ್ಲೇ ಕಲಿತವರು, 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಗೆ ಮೊಸಳೆ ಮಾಡಿ ಇಟ್ರು, 2019ರಲ್ಲಿ ಹೇರೋಹಳ್ಳಿ ರಸ್ತೇಲಿ ಗಗನಯಾತ್ರಿ ನಡೆಸಿದ್ರು. ಉಳಿದಿದ್ದು ಕೆಲವೇ ದಿನ, ಆದ್ರೆ ಗುಂಡಿ ಮುಚ್ಚಿತು, ಜನ ಇನ್ನೂ ಮರೆತಿಲ್ಲ. ಟೌನ್ ಹಾಲ್ ಕಡೆ ಒಂದು ಮೂಲೆ ಸುಮ್ನೆ ಖಾಲಿ ಬಿಡೋಣ, ಆರು ತಿಂಗಳಿಗೊಬ್ಬ ಕಲಾವಿದರು ಬಂದು ಏನಾದ್ರೂ ಮಾಡ್ಲಿ. ಇಷ್ಟ ಆಗ್ಲಿಲ್ಲ ಅಂದ್ರೂ ಆರು ತಿಂಗಳು ತಾನೇ.

ವಿಜ್ಞಾನದ ಮೇಷ್ಟ್ರು
ನನಗೆ ಈ ಚರ್ಚೆ ಓದ್ತಾ ರಾತ್ರಿ ನಿದ್ದೆ ಬರ್ಲಿಲ್ಲ, ಎದ್ದು ಲೆಕ್ಕ ಹಾಕ್ದೆ. ನೆಲದಲ್ಲಿ ಕನ್ನಡ ಅಂಕಿ ಅಂದ್ರಲ್ಲ, ಅದನ್ನ ಬರೀ ಅಲಂಕಾರಕ್ಕೆ ಯಾಕೆ ಹಾಕ್ಬೇಕು, ಆ ಗೋಪುರದ ನೆರಳನ್ನೇ ಬಳಸೋಣ. ಗೋಪುರ 75 ಅಡಿ. ಮೈಸೂರು ಇರೋದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 22ರ ನಡುಮಧ್ಯಾಹ್ನ ನೆರಳು ಉತ್ತರಕ್ಕೆ ಸುಮಾರು 54 ಅಡಿ ಬೀಳುತ್ತೆ. ಜೂನ್ 21ಕ್ಕೆ ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೆ ಹೋಗಿರ್ತಾನೆ, ಆಗ ನೆರಳು ತಿರುಗಿ ದಕ್ಷಿಣಕ್ಕೆ ಬೀಳುತ್ತೆ, ಬರೀ 15 ಅಡಿ. ಏಪ್ರಿಲ್ ಕೊನೇ ಭಾಗದಲ್ಲಿ ಮತ್ತೆ ಆಗಸ್ಟ್ ಮೂರನೇ ವಾರದ ಹೊತ್ತಿಗೆ ಒಂದೊಂದು ದಿನ ನೆರಳೇ ಇರಲ್ಲ, ಶೂನ್ಯ ನೆರಳಿನ ದಿನ. ದಕ್ಷಿಣಕ್ಕೂ ಉತ್ತರಕ್ಕೂ ನೆರಳು ಬೀಳೋ ಭಾಗ್ಯ ನಮ್ಮಂಥ ಕಡೆ ಮಾತ್ರ ಇರೋದು, ಕರ್ಕಾಟಕ ವೃತ್ತದ ಆಚೆ ಇರೋ ದೆಹಲಿಯಲ್ಲಿ ಇದು ಆಗಲ್ಲ.

ಇನ್ನೂ ಒಂದು ವಿಷಯ ಇದೆ. ಮೈಸೂರಿನ ನಿಜವಾದ ನಡುಮಧ್ಯಾಹ್ನ ಕೈಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ ಹನ್ನೆರಡು ಇಪ್ಪತ್ಮೂರರ ಹೊತ್ತಿಗೆ. ಯಾಕಂದ್ರೆ ಭಾರತದ ಸಮಯ ಪೂರ್ವ ರೇಖಾಂಶ 82.5 ಡಿಗ್ರಿ ಲೆಕ್ಕದ್ದು, ನಾವು ಇರೋದು 76.6ರಲ್ಲಿ. ನೆಲದಲ್ಲಿ ಉತ್ತರ ದಕ್ಷಿಣಕ್ಕೆ ಒಂದು ಕಪ್ಪು ಕಲ್ಲಿನ ಗೆರೆ ಎಳೆದು, ತಿಂಗಳ ಹೆಸರು ಕನ್ನಡದಲ್ಲಿ ಕೊರೆದ್ರೆ ನೆರಳಿನ ತುದಿ ಯಾವ ತಿಂಗಳ ಮೇಲೆ ಇದೆ ಅಂತ ಒಂದು ಮಗು ಬಂದು ನೋಡ್ಬೋದು. ತುದಿ ಸ್ವಲ್ಪ ಮಸುಕಾಗಿರುತ್ತೆ, ಮುಕ್ಕಾಲು ಒಂದಡಿಯಷ್ಟು, ಸೂರ್ಯ ಚುಕ್ಕಿ ಅಲ್ವಲ್ಲ. ಪರವಾಗಿಲ್ಲ. ನಾನು ನನ್ನ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಬರ್ತೀನಿ ಅದನ್ನ ತೋರ್ಸೋಕೆ.

ಕುಂಚ ಮತ್ತು ಉಳಿ
ಮೇಷ್ಟ್ರೇ, ಇದಾದ್ರೆ ನಾನು ದುಡ್ಡು ತಗೊಳ್ದೆ ಅಕ್ಷರ ಬರೆದುಕೊಡ್ತೀನಿ.

ಬಿಳಿ ಕೋಲು
ನನಗೆ ದೃಷ್ಟಿ ತುಂಬಾ ಕಡಿಮೆ, ಕೋಲು ಹಿಡಿದು ನಡೀತೀನಿ, ಇದನ್ನ ಫೋನ್ ಓದಿ ಹೇಳ್ತಾ ಇದೆ. ಎಲ್ಲ ಚೆನ್ನಾಗಿದೆ, ಆದ್ರೆ ಒಂದು ಕೇಳ್ಕೋತೀನಿ. ಹಳದಿ ಉಬ್ಬು ಟೈಲ್ಸ್ ಹಾಕ್ತಾರಲ್ಲ, ಉದ್ದ ಗೆರೆ ಇದ್ರೆ ಮುಂದೆ ನಡಿ ಅಂತ, ಚುಕ್ಕಿ ಇದ್ರೆ ನಿಲ್ಲು ಅಂತ ಅರ್ಥ. ನಾನು ನಡೆದ ಎಷ್ಟೋ ಕಡೆ ಹಾಕಿದವರಿಗೆ ಅದು ಗೊತ್ತಿರಲಿಲ್ಲ, ಚೆನ್ನಾಗಿ ಕಾಣ್ಲಿ ಅಂತ ಎರಡನ್ನೂ ಬೆರೆಸಿ ಹಾಕಿದ್ರು. ಒಂದು ಕಡೆ ಗೆರೆ ಹಿಡಿದು ಹೋಗಿ ನೇರ ಲೈಟ್ ಕಂಬಕ್ಕೆ ಹಣೆ ಹೊಡ್ಕೊಂಡೆ. ನೆಲದಲ್ಲಿ ನೀವು ಇನ್‌ಲೇ ಚಿತ್ರ ಮಾಡಿದ್ರೆ ಅದರ ಉಬ್ಬು ನನ್ನ ಕೋಲಿಗೆ ಗೊಂದಲ ಮಾಡಬಾರದು, ಸಪಾಟಾಗಿರ್ಲಿ. ಆದ್ರೆ ಆ ಕನ್ನಡ ಅಂಕಿಗಳನ್ನ ಎಲ್ಲಾದ್ರೂ ಒಂದು ಕಡೆ, ಕಟ್ಟೆ ಎತ್ತರದಲ್ಲಿ, ಮುಟ್ಟಿ ಓದೋ ಹಾಗೆ ಕೆತ್ತಿಸ್ತೀರಾ? ಗಡಿಯಾರದ ಮುಖ ಹೇಗಿದೆ ಅಂತ ನನಗೆ ಬೇರೆಯವರು ಹೇಳಿದ್ದಷ್ಟೇ ಗೊತ್ತು.

ಗಡಿಯಾರದ ಬೀದಿಯವ
ಖಂಡಿತ. ಇದನ್ನ ನೀವೇ ಬಂದು ಎತ್ತರ ಹೇಳಿ, ನಿಮ್ಮ ಕೈಗೆ ಆರಾಮ ಆಗೋ ಹಾಗೆ. ಇಳಿಜಾರು ದಾರಿ ಹನ್ನೆರಡಕ್ಕೆ ಒಂದರಂತೆ ಇರಬೇಕು, ಅದನ್ನೂ ಸೇರಿಸ್ತೀನಿ.

ಅಶೋಕ ರಸ್ತೆ
ನಾನು ಅಂಗಡಿಯವನು. ಗಾಡಿ ಬಿಡಲ್ಲ ಅಂದ್ರೆ ನಮ್ಮ ಗಿರಾಕಿ ಎಲ್ಲಿ ನಿಲ್ಸ್ತಾರೆ? ದಸರಾ ಹತ್ತು ದಿನ ಬಿಡಿ, ಉಳಿದ ದಿನದ ವ್ಯಾಪಾರ ಹೇಗೆ? ಲೋಡ್ ಬಂದಾಗ ಏನ್ಮಾಡೋದು? ಮೊದಲು ಇದಕ್ಕೆ ಉತ್ತರ ಕೊಡಿ ಆಮೇಲೆ ನೆರಳು ಅಳೀರಿ.

ಬ್ರಿಗೇಡ್ ರಸ್ತೆ ಬಸ್
ನಿಮ್ಮ ಭಯ ಸರಿಯಾದ್ದೇ ಅಣ್ಣ. ಲೋಡ್ ಗಾಡಿಗೆ ಬೆಳಗ್ಗೆ ಹತ್ತರ ಒಳಗೆ ಸಮಯ ಕೊಟ್ರೆ ಆಗುತ್ತೆ, ಆ ಓಣಿಗೆ ಮಾತ್ರ ದಪ್ಪ ಕಲ್ಲು. ಆದ್ರೆ ಒಂದೇ ಸಲ ಪೂರ್ತಿ ಬಂದ್ ಮಾಡೋದು ನನಗೂ ಒಪ್ಪಿಗೆ ಇಲ್ಲ. ಮೊದಲು ಭಾನುವಾರ ಮಾತ್ರ, ಕಲ್ಲು ಗಿಲ್ಲು ಏನೂ ಹಾಕದೆ, ಬರೀ ಬ್ಯಾರಿಕೇಡ್ ಇಟ್ಟು ನಾಲ್ಕು ವಾರ ನೋಡ್ಲಿ. ನಿಮ್ಮ ಗಲ್ಲಾ ಲೆಕ್ಕ ನೀವೇ ಬರೆದಿಡಿ, ಕಡಿಮೆ ಆದ್ರೆ ನಾವು ಮೊದಲು ಕೈ ಎತ್ತುತೀವಿ.

ಅಶೋಕ ರಸ್ತೆ
ನಾಲ್ಕು ಭಾನುವಾರ ಅಂದ್ರೆ ಸರಿ, ಅದಕ್ಕೆ ನಾನು ಒಪ್ತೀನಿ. ಹಬ್ಬದ ಸೀಸನ್ ಬೇಡ, ಆಷಾಢದಲ್ಲಿ ಮಾಡಿ, ಹೇಗೂ ವ್ಯಾಪಾರ ಕಮ್ಮಿ.

ದಮ್ಮಸ್ಸು
ನೀರಿನ ದಾರಿ ಬಗ್ಗೆ ಯಾರೂ ಮಾತಾಡ್ಲಿಲ್ಲ. ಪ್ರತಿ ಮೀಟರಿಗೆ ಒಂದೂವರೆ ಎರಡು ಸೆಂಟಿಮೀಟರ್ ಇಳಿಜಾರು ಬೇಕು, ಅದು ಗೋಪುರದಿಂದ ಹೊರಕ್ಕೆ ಇರಬೇಕು, ಅಪ್ಪಿತಪ್ಪಿ ಒಳಕ್ಕೆ ಆದ್ರೆ ನೀರೆಲ್ಲ ಅಡಿಪಾಯಕ್ಕೆ. ಈಗಿರೋ ಏರಿಳಿತ ಅಳೀದೆ ನಕ್ಷೆ ಬರೆಯೋಕೆ ಆಗಲ್ಲ. ನನ್ನ ಹತ್ರ ಲೆವೆಲ್ ಯಂತ್ರ ಇದೆ, ಸ್ಟಾಫ್ ಅಂದ್ರೆ ಅಳತೆ ಕೋಲು ಹಿಡ್ಕೊಳೋರು ಒಬ್ಬರು ಬೇಕು.

ಗಡಿಯಾರದ ಬೀದಿಯವ
ಹಂಗಾದ್ರೆ ಬರೋ ಭಾನುವಾರ ಬೆಳಗ್ಗೆ ಆರೂವರೆಗೆ ಗಡಿಯಾರದ ಕೆಳಗೆ ಸೇರೋಣ, ಟ್ರಾಫಿಕ್ ಶುರುವಾಗೋ ಮುಂಚೆ. ಸ್ಟಾಫ್ ನಾನು ಹಿಡೀತೀನಿ. ಟೇಪು, ಚಾಕ್‌ಪೀಸು ತರ್ತೀನಿ. ಎಲ್ಲೆಲ್ಲಿ ಬ್ಲಾಕ್ ಅಲ್ಲಾಡುತ್ತೆ ಅಲ್ಲೆಲ್ಲ ಗುರುತು ಹಾಕಿ ಫೋಟೋ ತೆಗೆಯೋಣ, ಮನವಿ ಜೊತೆ ಸೇರ್ಸೋಕೆ.

ಬಟ್ಟೆ ಗಂಟು
ನಾನು ಆರಕ್ಕೇ ಬಂದಿರ್ತೀನಿ. ನಮ್ಮ ಆರಡಿ ನಾಲ್ಕಡಿನೂ ಅವತ್ತೇ ಚಾಕ್‌ಪೀಸಲ್ಲಿ ಬರೆದು ನೋಡೋಣ, ಎಷ್ಟು ಜನ ಕೂರ್ತಾರೆ ಅಂತ. ಹೂವಿನವರನ್ನೂ ಕರ್ಕೊಂಡು ಬರ್ತೀನಿ.

ಬಿಳಿ ಕೋಲು
ಬಸ್ ಸ್ಟ್ಯಾಂಡಿಂದ ಯಾರಾದ್ರೂ ಜೊತೆ ಸಿಕ್ರೆ ನಾನೂ ಬರ್ತೀನಿ.

ನಜರ್‌ಬಾದ್ ನಾಗರಿಕ
ನಾನು ಬರ್ತೀನಿ ನಿಮ್ಮ ಜೊತೆ, ಆರು ಇಪ್ಪತ್ತಕ್ಕೆ ಸಿಟಿ ಬಸ್ ಸ್ಟ್ಯಾಂಡ್ ಗೇಟ್ ಹತ್ರ ಇರ್ತೀನಿ.

ವಿಜ್ಞಾನದ ಮೇಷ್ಟ್ರು
ನನಗೆ ಬೆಳಗ್ಗೆ ಸಾಲದು, ನಾನು ಹನ್ನೆರಡೂವರೆವರೆಗೂ ಅಲ್ಲೇ ಇರ್ತೀನಿ, ನೆರಳು ಬೀಳೋ ಜಾಗಕ್ಕೆ ಗುರುತು ಹಾಕ್ಬೇಕು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಗಾಡಿ ನಿಂತಿರುತ್ತೆ, ಒಂದು ಹತ್ತು ನಿಮಿಷ ಆ ಕಡೆ ತೆಗೀರಿ ಅಂತ ಕೇಳೋಕೆ ಯಾರಾದ್ರೂ ಜೊತೆಗಿದ್ರೆ ಒಳ್ಳೇದು.

ಅಶೋಕ ರಸ್ತೆ
ನಾನು ಹೇಳ್ತೀನಿ ಅವರಿಗೆ. ಅಂಗಡಿ ಭಾನುವಾರ ಹನ್ನೊಂದಕ್ಕೆ ತೆಗೆಯೋದು, ಅಲ್ಲೇ ಇರ್ತೀನಿ ಬನ್ನಿ.